ಊರಿಗಾಗಿ ಎಚ್ಚರವಿರುವವರ ನಿದ್ದೆ

ಎರಡು ವರ್ಷಗಳ ಹಿಂದೆ ಶ್ರಾವಣ ಮಾಸದ ಒಂದು ಸಂಜೆ, ತಂದೆಯೊಬ್ಬರು ತಮ್ಮ ಮಗಳನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಇಪ್ಪತ್ತೆಂಟರ ವಯಸ್ಸು, ಶಾಲೆಯಲ್ಲಿ ಶಿಕ್ಷಕಿ. ಹುಳಿತೇಗು, ಎದೆಯುರಿ, ಕತ್ತಿನಿಂದ ಭುಜದವರೆಗೆ ಸೆಳೆತ, ಕಣ್ಣುರಿ, ರಾತ್ರಿ ಎರಡು ಗಂಟೆಯಾದರೂ ಹತ್ತದ ನಿದ್ದೆ, ಇವು ಆಕೆಯ ಬಾಧೆಗಳು. ನಾನು ನಾಡಿ ನೋಡುತ್ತಿದ್ದ ಅಷ್ಟು ಹೊತ್ತಿನಲ್ಲಿಯೇ ಕೈಚೀಲದೊಳಗಿನ ಮೊಬೈಲು ನಾಲ್ಕು ಬಾರಿ ಸದ್ದು ಮಾಡಿತು. ಪ್ರತಿ ಬಾರಿಯೂ ನಾಡಿಯ ಗತಿ ಬದಲಾದದ್ದು ನನ್ನ ಬೆರಳಿಗೆ ತಿಳಿಯಿತು.

ವಿಚಾರಿಸಿದಾಗ ತಿಳಿದದ್ದಿಷ್ಟು: ತಮ್ಮೂರ ಕೆರೆ ಒತ್ತುವರಿಯಾಗುತ್ತಿರುವುದನ್ನು ಆಕೆ ಚಿತ್ರಸಹಿತ ಫೇಸ್‌ಬುಕ್ಕಿನಲ್ಲಿ ಬರೆದಿದ್ದಳು. ಅದರಿಂದ ಒಂದು ವಾಟ್ಸ್‌ಆ್ಯಪ್ ಬಳಗ ಹುಟ್ಟಿತು. ಅಧಿಕಾರಿಗಳು ಬಂದು ಅಳತೆ ಮಾಡಿಕೊಂಡು ಹೋದರು. ಅಂದಿನಿಂದಲೇ ಬೈಗುಳವೂ ಮೊದಲಾಯಿತು. ಕೆರೆಯ ಮಾತು ಹಿಂದೆ ಸರಿದು, ಹೆಣ್ಣುಮಗಳ ನಡತೆಯ ಮಾತು ಮುಂದೆ ಬಂದಿತು. ಇತ್ತ ಬಳಗದವರೆಲ್ಲ ನಡುರಾತ್ರಿಯಲ್ಲೂ ಆಕೆಗೇ ಚಿತ್ರ ಕಳಿಸುವರು, ಆಕೆಯನ್ನೇ ಉತ್ತರ ಕೇಳುವರು.

ಮಗಳ ಮೇಲಿನ ಕಕ್ಕುಲಾತಿಯಿಂದ ನಾನು ಹೇಳಿದೆ: “ಒಂದು ತಿಂಗಳು ಈ ಫೋನನ್ನು ಕಪಾಟಿನಲ್ಲಿಡು ತಾಯಿ, ಎಲ್ಲ ಸರಿಯಾಗುತ್ತದೆ.” ಆಕೆ ತಲೆ ತಗ್ಗಿಸಿ ನುಡಿದಳು: “ಡಾಕ್ಟರ್ ಸಾಹೇಬ್ರ, ನಾ ಫೋನ್ ಬಿಟ್ರ ಕೆರೀನ ಬಿಟ್ಟಂಗ ಆಗತೈತ್ರಿ.” ಔಷಧಿಯ ಚೀಟಿ ತೆಗೆದುಕೊಂಡು ಹೋದವಳು ಮರಳಿ ಬರಲಿಲ್ಲ.

ನಲವತ್ತು ವರ್ಷಗಳ ಹತ್ತಿರದ ವೈದ್ಯವೃತ್ತಿಯಲ್ಲಿ ನಾನು ಕೊಟ್ಟ ತಪ್ಪು ಸಲಹೆಗಳಲ್ಲಿ ಇದೂ ಒಂದೆಂದು ಈಗ ಅರಿವಾಗಿದೆ. ರೋಗವನ್ನು ಸರಿಯಾಗಿ ಗುರುತಿಸಿದ್ದೆ. ಆದರೆ ಪಥ್ಯವನ್ನು ತಪ್ಪಾಗಿ ಹೇಳಿದ್ದೆ. ಸದ್ಭಕ್ತರ ಮನೆಗಳಲ್ಲಿಯೂ ಇಂತಹ ಮಕ್ಕಳಿರುವುದರಿಂದ ಈ ಮಾತನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಜಾಲತಾಣಗಳಲ್ಲಿ ಹೋರಾಡುವವರನ್ನು ನಾವು ಹಿರಿಯರು ಹಗುರಾಗಿ ಕಾಣುವುದುಂಟು. “ಕುಳಿತಲ್ಲೇ ಕ್ರಾಂತಿ ಮಾಡುತ್ತಾರೆ” ಎಂದು ನಗುವುದುಂಟು. ಆದರೆ 2021ರ ಏಪ್ರಿಲ್-ಮೇ ತಿಂಗಳುಗಳನ್ನು ನೆನೆಯಿರಿ. ಕೊರೊನಾ ಎರಡನೆಯ ಅಲೆಯಲ್ಲಿ ಆಸ್ಪತ್ರೆಯ ಹಾಸಿಗೆ, ಆಮ್ಲಜನಕದ ಸಿಲಿಂಡರು ಎಲ್ಲಿವೆಯೆಂದು ಹಗಲಿರುಳು ಹುಡುಕಿ, ಗುರುತಿಲ್ಲದವರಿಗೆ ತಿಳಿಸಿದವರು ಇದೇ ಯುವಕ ಯುವತಿಯರು. ಹಾಸಿಗೆ ಸಿಕ್ಕಿತೆಂದು ಕರೆ ಮಾಡುವಷ್ಟರಲ್ಲಿ ರೋಗಿಯು ತೀರಿಕೊಂಡ ಸುದ್ದಿಯನ್ನು ಕೇಳಿದವರೂ ಅವರೇ. ಅವರ ದಣಿವನ್ನು ವಿಚಾರಿಸಿದವರು ಕಡಿಮೆ.

ಈ ದಣಿವನ್ನು ಮನೋದೌರ್ಬಲ್ಯವೆಂದು ಕರೆಯುವುದು ಸಲ್ಲದು. ಚರಕಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ರೋಗಕಾರಣಗಳನ್ನು ಹೇಳುವಾಗ, ಇಂದ್ರಿಯಗಳಿಗೂ ಅವುಗಳ ವಿಷಯಗಳಿಗೂ ಉಂಟಾಗುವ ಅಹಿತವಾದ ಸಂಯೋಗವನ್ನು ಮೊದಲು ಹೆಸರಿಸಲಾಗಿದೆ. ಅತಿ ಸಮೀಪದ, ಭಯಂಕರವಾದ, ದ್ವೇಷ ಹಾಗೂ ಜುಗುಪ್ಸೆ ಹುಟ್ಟಿಸುವ ರೂಪಗಳನ್ನು ನೋಡುವುದು ಕಣ್ಣಿನ ಮಿಥ್ಯಾಯೋಗ. ಕಠೋರ ನುಡಿ, ಅವಮಾನದ ನುಡಿ, ಪ್ರಿಯವಾದುದು ನಾಶವಾದ ವಾರ್ತೆ, ಇವನ್ನು ಕೇಳುವುದು ಕಿವಿಯ ಮಿಥ್ಯಾಯೋಗ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ಪಟ್ಟಿಯನ್ನು ಓದಿದಾಗ, ಹೋರಾಟಗಾರರ ಕೈಯಲ್ಲಿರುವ ಪರದೆಯನ್ನೇ ಕಂಡು ಬರೆದಂತಿದೆ ಎನಿಸುತ್ತದೆ. ಇದಕ್ಕೆ ರಾತ್ರಿಜಾಗರಣೆಯೂ ಸೇರಿದರೆ ವಾತವು ಪ್ರಕೋಪಗೊಳ್ಳುತ್ತದೆ. ಹೊತ್ತು ಮೀರಿದ ಊಟ ಮತ್ತು ಸಿಟ್ಟಿನಿಂದ ಪಿತ್ತವು ಕೆರಳುತ್ತದೆ. ಆ ಶಿಕ್ಷಕಿಯ ಎದೆಯುರಿ, ನಿದ್ರಾನಾಶಗಳ ಮೂಲ ಇಲ್ಲಿತ್ತು.

ಆಧುನಿಕ ವಿಜ್ಞಾನವೂ ಇದನ್ನು ಕಂಡಿದೆ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದರು. ಹಗಲು ತಮ್ಮ ವೃತ್ತಿ ಮುಗಿಸಿ ಸಂಜೆ ಅಲ್ಲಿಗೆ ಬಂದು ದುಡಿದು, ಸ್ವತಃ ಬಳಲಿದವರು. ಅಲ್ಲಿನ ಸ್ವಯಂಸೇವಕರು ತಿಂಗಳುಗಳು ಕಳೆದಂತೆ ಬಸವಳಿದು, ಸಿಡುಕಿನವರಾಗಿ, ಉತ್ಸಾಹ ಕಳೆದುಕೊಳ್ಳುವುದನ್ನು ಕಂಡು 1974ರಲ್ಲಿ ಅವರು ಅದಕ್ಕೆ ‘ಬರ್ನ್‌ಔಟ್’ ಎಂಬ ಹೆಸರಿನಲ್ಲಿ ಲೇಖನ ಬರೆದರು. ಎಣ್ಣೆ ತೀರಿದ ದೀಪದಲ್ಲಿ ಬತ್ತಿಯೇ ಉರಿದುಹೋಗುವ ಸ್ಥಿತಿ ಅದು. ಇಂದು ಕಚೇರಿಯ ನೌಕರರ ವಿಷಯದಲ್ಲಿ ಬಳಕೆಯಾಗುವ ಈ ಪದವು ಪ್ರತಿಫಲ ಬಯಸದೆ ದುಡಿದವರನ್ನು ಕಂಡು ಹುಟ್ಟಿತೆಂಬುದು ಗಮನಾರ್ಹ. ಹೆಚ್ಚು ಕಳಕಳಿಯುಳ್ಳವರೇ ಬೇಗ ಬರಿದಾಗುತ್ತಾರೆ.

ಹಾಗಾದರೆ ಪರಿಹಾರವೇನು? ಹೋರಾಟವನ್ನು ಬಿಡುವುದಲ್ಲ. ನನ್ನ ಅಭಿಪ್ರಾಯದಲ್ಲಿ, ಸರದಿಯನ್ನು ಹಂಚಿಕೊಳ್ಳುವುದೇ ಇದರ ಮೊದಲ ಔಷಧಿ. ಮಠದ ಜಾತ್ರೆಯ ದಾಸೋಹವನ್ನು ನಾವೆಲ್ಲ ಕಂಡಿದ್ದೇವೆ. ರೊಟ್ಟಿ ಬಡಿಯುವವರು, ಬಡಿಸುವವರು, ಪಾತ್ರೆ ತೊಳೆಯುವವರು ಪಾಳಿಯ ಮೇಲೆ ಬರುತ್ತಾರೆ. ಒಬ್ಬರೇ ಒಲೆಯ ಮುಂದೆ ಹಗಲಿರುಳು ಕುಳಿತರೆ ಜಾತ್ರೆ ಮುಗಿಯುವ ಮೊದಲೇ ಒಲೆ ಆರುತ್ತದೆ. ಕಪ್ಪತಗುಡ್ಡದ ಚರಿತ್ರೆಯೂ ಇದನ್ನೇ ಕಲಿಸುತ್ತದೆ. ಔಷಧಿ ಸಸ್ಯಗಳ ಆ ನೆಲೆಗೆ 2015ರಲ್ಲಿ ದೊರೆತಿದ್ದ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನವು 2016ರಲ್ಲಿ ರದ್ದಾಯಿತು, 2017ರಲ್ಲಿ ಮರಳಿ ದೊರೆಯಿತು, 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಮಠಾಧೀಶರು, ರೈತರು, ಪರಿಸರಪ್ರಿಯರು ಸೇರಿ ವರ್ಷಗಟ್ಟಲೆ ಹೊತ್ತ ಭಾರವದು. ಒಬ್ಬರ ಹೆಗಲ ಮೇಲಿದ್ದರೆ ಅದು ನಡುದಾರಿಯಲ್ಲೇ ಕುಸಿಯುತ್ತಿತ್ತು.

ಆದುದರಿಂದ ಇಂತಹ ಬಳಗಗಳು ಕೆಲವು ನಿಯಮಗಳನ್ನು ಪಾಲಿಸಿದರೆ ಒಳಿತು. ಬಂದ ಸಂದೇಶಗಳನ್ನು ನೋಡುವ ಕೆಲಸವು ದಿನಕ್ಕೊಬ್ಬರದಾಗಲಿ. ರಾತ್ರಿ ಒಂಬತ್ತರ ನಂತರ ಪ್ರಾಣಾಪಾಯದ ವಿಷಯವಲ್ಲದೆ ಬೇರೇನನ್ನೂ ಹಾಕಬಾರದು. ಬೈಗುಳ, ಬೆದರಿಕೆಗಳು ಬಂದಾಗ ಅದಕ್ಕೆ ಗುರಿಯಾದವರೇ ಅವನ್ನು ಮತ್ತೆ ಮತ್ತೆ ಓದಬಾರದು. ನಂಬಿಕೆಯ ಗೆಳತಿಯೋ ಸಹೋದರನೋ ಓದಿ, ಪರದೆಯ ಚಿತ್ರ ತೆಗೆದು, ದಿನಾಂಕಸಹಿತ ಕಾದಿರಿಸಲಿ. ಅಳಿಸಿ ಹಾಕಿದರೆ ಸಾಕ್ಷ್ಯವೇ ಅಳಿಯುತ್ತದೆ. ಜಾಲತಾಣದಲ್ಲಿ ಹೆಣ್ಣುಮಕ್ಕಳನ್ನು ಬೆನ್ನಟ್ಟಿ ಕಾಡುವುದು, ಬೆದರಿಸುವುದು ಶಿಕ್ಷಾರ್ಹ ಅಪರಾಧಗಳು. ಪೊಲೀಸರಿಗೆ ದೂರು ಕೊಡಲು ಹಿಂಜರಿಯಬಾರದು. ಪ್ರತಿ ಟೀಕೆಗೂ ಉತ್ತರಿಸಬೇಕೆಂಬ ಹಟವನ್ನೂ ಬಿಡಬೇಕು. ಮಲಮೂತ್ರಾದಿ ವೇಗಗಳನ್ನು ತಡೆಯಬಾರದೆಂದು ಹೇಳಿದ ಚರಕಾಚಾರ್ಯರೇ ಕ್ರೋಧ, ಶೋಕ, ಭಯಗಳ ವೇಗವನ್ನೂ ಕಟುನುಡಿಯ ಮತ್ತು ಹೊತ್ತಲ್ಲದ ಹೊತ್ತಿನ ನುಡಿಯ ವೇಗವನ್ನೂ ತಡೆಯಬೇಕೆಂದಿದ್ದಾರೆ. ಸಿಟ್ಟಿನಲ್ಲಿ ಬರೆದುದನ್ನು ಬೆಳಗಾದ ಮೇಲೆ ಓದಿ ಕಳಿಸುವುದು ಲೇಸು.

ದೇಹದ ಕಡೆಗೂ ಲಕ್ಷ್ಯವಿರಲಿ. ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಆಯುರ್ವೇದವು ಶರೀರದ ಮೂರು ಆಧಾರಸ್ತಂಭಗಳೆಂದು ಕರೆದಿದೆ. ಮಲಗುವ ಕೋಣೆಯಲ್ಲಿ ಮೊಬೈಲು ಇರಬಾರದು. ಎಚ್ಚರಿಸಲು ಹಳೆಯ ಅಲಾರಂ ಗಡಿಯಾರ ಸಾಕು. ರಾತ್ರಿಯ ಊಟ ಎಂಟರೊಳಗೆ, ಹಗುರಾಗಿರಲಿ. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆಯನ್ನೋ ತುಪ್ಪವನ್ನೋ ತಿಕ್ಕಿಕೊಳ್ಳುವುದು ನಿದ್ದೆಗೆ ಹಿತ. ಪದೇಪದೇ ಕುಡಿಯುವ ಚಹಾವನ್ನು ಸಂಜೆಯ ನಂತರ ನಿಲ್ಲಿಸಬೇಕು. ಮುಂಜಾನೆ ಅರ್ಧ ಗಂಟೆ ನಡೆಯಬೇಕು, ಅದೂ ಫೋನಿಲ್ಲದೆ. ಅಶ್ವಗಂಧ, ಬ್ರಾಹ್ಮಿಗಳನ್ನು ಜಾಹೀರಾತು ನೋಡಿ ತಾವೇ ತೆಗೆದುಕೊಳ್ಳುವುದು ಬೇಡ. ವೈದ್ಯರನ್ನು ಕೇಳಿಯೇ ಸೇವಿಸಬೇಕು.

ಇಲ್ಲಿ ನನ್ನ ಶಾಸ್ತ್ರದ ಮಿತಿಯನ್ನೂ ಹೇಳಬೇಕಾದದ್ದು ನನ್ನ ಧರ್ಮ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಇಲ್ಲದಂತಾದರೆ, ತಡಮಾಡದೆ ಮನೋವೈದ್ಯರಲ್ಲಿಗೆ ಹೋಗಬೇಕು. ಬದುಕು ಸಾಕೆಂಬ ಮಾತು ಬಂದರಂತೂ ಒಂದು ದಿನವೂ ಕಾಯದೆ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಕರೆದೊಯ್ಯಬೇಕು. ಎಣ್ಣೆ, ಕಷಾಯಗಳಿಂದಲೇ ವಾಸಿಯಾಗುವುದೆಂದು ಕಾಯುವುದು ಅಪಾಯ. ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ಅವರನ್ನು ಕೇಳದೆ ನಿಲ್ಲಿಸಲೂ ಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲಾಗಲಿ ಇರುಳಾಗಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ, ನಮ್ಮ ಪಾಲಿನ ಹೊಣೆ. ಕೆರೆ ಉಳಿದರೆ ನೀರು ನಮ್ಮೆಲ್ಲರದು, ಬೈಗುಳ ಮಾತ್ರ ಆ ಹುಡುಗಿಯೊಬ್ಬಳದು ಎಂದರೆ ಅದು ನ್ಯಾಯವಲ್ಲ. “ನಿನಗೇಕೆ ಊರ ಉಸಾಬರಿ” ಎಂದು ಗದರುವ ಬದಲು “ಊಟ ಆಯಿತೇನವ್ವಾ, ಇವತ್ತು ಕಚೇರಿಗೆ ನಾನು ಹೋಗಿ ಬರುತ್ತೇನೆ” ಎನ್ನುವ ಒಬ್ಬ ಹಿರಿಯರು ಮನೆಯಲ್ಲಿರಬೇಕು. ಆ ಒಂದು ಮಾತು ನನ್ನ ಎಷ್ಟೋ ಚೂರ್ಣಗಳಿಗಿಂತ ಮಿಗಿಲು.

ಕಳೆದ ಯುಗಾದಿಯ ಹೊತ್ತಿಗೆ ಆ ತಂದೆಯವರು ಮೊಣಕಾಲು ನೋವಿಗೆಂದು ಬಂದಿದ್ದರು. ಮಗಳ ಬಗ್ಗೆ ಅಳುಕುತ್ತಲೇ ಕೇಳಿದೆ. ಆಕೆ ಒಂದು ಹಂತದಲ್ಲಿ ಎರಡು ತಿಂಗಳು ಶಾಲೆಗೂ ಹೋಗಲಾರದಂತಾಗಿ, ಮನೋವೈದ್ಯರ ಚಿಕಿತ್ಸೆ ಪಡೆದು ಚೇತರಿಸಿಕೊಂಡಳಂತೆ. ಈಗ ಐವರು ಸರದಿಯ ಮೇಲೆ ಕೆಲಸ ನೋಡಿಕೊಳ್ಳುತ್ತಿದ್ದಾರೆ. ಬುಧವಾರದ ಪಾಳಿ ಸ್ವತಃ ಈ ತಂದೆಯವರದು. ಕೆರೆಯ ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ. “ಆದ್ರ ಹುಡುಗಿ ಹತ್ತಕ್ಕ ಮಲಗ್ತಾಳ್ರೀ” ಎಂದರು. ನಾನು ಅಂದು ಹೇಳಬೇಕಾಗಿದ್ದ ಪಥ್ಯವನ್ನು ಅವರೇ ಕಂಡುಕೊಂಡಿದ್ದರು.