ನಾಯಿ ಕಚ್ಚಿದ್ದು ಕಾಲಿಗೆ, ಕತ್ತರಿ ಬಿದ್ದಿದ್ದು ಕೂಲಿಗೆ



ಸ್ವಲ್ಪ ಉದ್ದದ ಪೋಸ್ಟ್. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ನಡುವೆ ನಂಬರ್ ಹಾಕಿರೋ ಭಾಗವನ್ನಾದರೂ ಓದಿ, ನಿಮ್ಮ ಕೇರಿಯ ವಾಟ್ಸಾಪ್ ಗ್ರೂಪಿಗೆ ಹಾಕಿ.

ನಮ್ಮ ಚಿಕ್ಕವ್ವ ಪೌರಕಾರ್ಮಿಕೆ. ಬೆಳಗಿನ ಜಾವ ಐದೂವರೆಗೆ ಪೊರಕೆ ಹಿಡಿದು ಬೀದಿಯಲ್ಲಿರ್ತಾಳೆ. ಹೋದ ತಿಂಗಳು ಕಸದ ರಾಶಿ ಹತ್ತಿರ ನಾಯಿಯೊಂದು ಅವಳ ಮೀನಖಂಡಕ್ಕೆ ಬಾಯಿ ಹಾಕ್ತು. ರಕ್ತ ಬಂತು. ಎದುರಿನ ಮನೆಯ ಗೇಟ್ ಪಕ್ಕದಲ್ಲೇ ನಲ್ಲಿ ಇತ್ತು. ನೀರು ಕೇಳಿದಳು. "ಮುಂದೆ ಬೋರ್‌ವೆಲ್ ಇದೆ, ಅಲ್ಲಿಗೆ ಹೋಗಮ್ಮ" ಅಂತ ಒಳಗಿನಿಂದಲೇ ಉತ್ತರ ಬಂತು. ಮೇಸ್ತ್ರಿ "ಸುಣ್ಣ ಹಚ್ಕೊ, ಏನೂ ಆಗಲ್ಲ" ಅಂದ. ಅವಳು ಸುಣ್ಣ ಹಚ್ಚಿಕೊಂಡು, ಬೀದಿ ಗುಡಿಸಿ ಮುಗಿಸಿ, ಹನ್ನೊಂದು ಗಂಟೆಗೆ ಆಸ್ಪತ್ರೆಗೆ ಹೋದಳು.

ನನಗೆ ವಿಷಯ ಗೊತ್ತಾಗಿದ್ದು ಐದನೇ ದಿನ. ಮನೆಗೆ ಹೋದಾಗ ಆಸ್ಪತ್ರೆಯ ಚೀಟಿ ನೋಡಿದೆ. ಎರಡು ಸೂಜಿ ಆಗಿತ್ತು, ಮಿಕ್ಕ ಎರಡು ಖಾಲಿ. ಸೀರಮ್ ಹಾಕಿರಲೇ ಇಲ್ಲ. "ಇಲ್ಲಿ ಸ್ಟಾಕ್ ಇಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ" ಅಂತ ಬರೆದಿದ್ದರು. ಯಾಕವ್ವ ಹೋಗ್ಲಿಲ್ಲ ಅಂದೆ. "ಸಾಕು ಬುಡ್ಲಾ ಮಗ, ಎಲ್ಡು ಸೂಜಿ ಆಯ್ತಲ್ಲ. ಒಂದೊಂದು ಸೂಜಿಗೂ ಒಂದೊಂದು ದಿನದ ಹಾಜ್ರಿ ಕಟ್ ಮಾಡವ್ರೆ" ಅಂದಳು.

ಆ ಮಾತು ಕೇಳಿ ನನಗೆ ಬಾಲ್ಯದ ಒಂದು ಸಂಜೆ ನೆನಪಾಯ್ತು. ನಾನಾಗ ನಾಲ್ಕನೇ ಕ್ಲಾಸು. ನಮ್ಮ ಕೇರಿಯ ಒಬ್ಬ ಅಣ್ಣನನ್ನು ಮಂಚಕ್ಕೆ ಕಟ್ಟಿ ಹಾಕಿದ್ದರು. ಬಾಯಾರಿಕೆಯಿಂದ ಒದ್ದಾಡ್ತಿದ್ದ. ಅವನವ್ವ ಚೊಂಬು ಹಿಡಿದು ಹತ್ತಿರ ಬಂದರೆ ಸಾಕು, ಗಂಟಲು ಬಿಗಿದು ಕಿರುಚುತ್ತಿದ್ದ. ದೆವ್ವ ಮೆಟ್ಟಿದೆ ಅಂತ ಬೇವಿನ ಸೊಪ್ಪು ತಂದರು. ಎರಡು ತಿಂಗಳ ಹಿಂದೆ ನಾಯಿ ಕಚ್ಚಿದ್ದು ಯಾರಿಗೂ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ತಾರೆ ಅನ್ನೋ ಹೆದರಿಕೆಗೆ ಅವನು ಆಸ್ಪತ್ರೆ ಕಡೆ ತಲೆ ಹಾಕಿರಲಿಲ್ಲ. ಮೂರನೇ ದಿನ ಹೋಗಿಬಿಟ್ಟ.

ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯೋದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಲಕ್ಷಣ ಬರೋಕೆ ಮೊದಲು ಸರಿಯಾಗಿ ಚಿಕಿತ್ಸೆ ಪಡೆದರೆ ಸಾಯೋದೂ ಅಷ್ಟೇ ಅಪರೂಪ. ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಅವರ ಲಸಿಕೆ ಹುಚ್ಚುನಾಯಿ ಕಚ್ಚಿದ 9 ವರ್ಷದ ಹುಡುಗನನ್ನು ಉಳಿಸಿದ್ದು 1885ರಲ್ಲಿ. ಇಷ್ಟು ವರ್ಷವಾದ ಮೇಲೂ ಯಾರಾದರೂ ಈ ಕಾಯಿಲೆಯಿಂದ ಸತ್ತರೆ ಅದು ಹಣೆಬರಹ ಅಲ್ಲ. ಮದ್ದು ಇದ್ದೂ ಅವರ ತನಕ ತಲುಪಲಿಲ್ಲ ಅಂತ ಅರ್ಥ.

ಈಗ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕಾದ ವಿಷಯ.

1. ಮೊದಲ ಮದ್ದು ನೀರು ಮತ್ತು ಸೋಪು. ಕಚ್ಚಿದ, ಪರಚಿದ ಜಾಗವನ್ನು ಹರಿಯುವ ನೀರಲ್ಲಿ, ಸೋಪು ಹಾಕಿ, 15 ನಿಮಿಷ ತೊಳೆಯಬೇಕು. ನಲ್ಲಿ ಇಲ್ಲದಿದ್ದರೆ ಬಿಂದಿಗೆಯಿಂದ ಒಬ್ಬರು ಹುಯ್ಯಿರಿ, ಇನ್ನೊಬ್ಬರು ತೊಳೆಯಿರಿ. ಬಟ್ಟೆ ಸೋಪಾದರೂ ಸರಿ. ಆಮೇಲೆ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಸುಣ್ಣ, ಅರಿಶಿನ, ಖಾರದಪುಡಿ, ಕಾಫಿಪುಡಿ, ಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಬಿಗಿಯಾಗಿ ಕಟ್ಟಬೇಡಿ.

2. ಅದೇ ದಿನ ಆಸ್ಪತ್ರೆಗೆ ಹೋಗಿ. ನಾಯಿ ಮಾತ್ರ ಅಲ್ಲ, ಬೆಕ್ಕು, ಕೋತಿ ಕಚ್ಚಿದರೂ ಹೋಗಿ. ರಕ್ತ ಬಾರದ ಸಣ್ಣ ಪರಚು ಗಾಯಕ್ಕೂ ಲಸಿಕೆ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಆ ಹಳೇ ಲಸಿಕೆ ನಮ್ಮ ದೇಶದಲ್ಲಿ ನಿಂತು ಎಷ್ಟೋ ವರ್ಷವಾಯ್ತು. ಈಗ ತೋಳಿಗೆ ಹಾಕೋದು. ಬಸುರಿಯರು, ಬಾಣಂತಿಯರು, ಹಸುಗೂಸುಗಳು ಎಲ್ಲರೂ ಹಾಕಿಸಿಕೊಳ್ಳಬಹುದು.

3. ರಕ್ತ ಬಂದಿದ್ದರೆ, ಅಥವಾ ನಾಯಿ ಜೊಲ್ಲು ಕಣ್ಣು, ಬಾಯಿ, ತೆರೆದ ಗಾಯಕ್ಕೆ ತಾಕಿದ್ದರೆ, ಬರೀ ಲಸಿಕೆ ಸಾಲದು. ಗಾಯದ ಒಳಗೆ ಮತ್ತು ಸುತ್ತ ಸೀರಮ್ ಹಾಕಲೇಬೇಕು. ಲಸಿಕೆ ಕೆಲಸ ಶುರುಮಾಡೋಕೆ ಕೆಲವು ದಿನ ಬೇಕು, ಅಲ್ಲಿವರೆಗೆ ಕಾಯೋದು ಈ ಸೀರಮ್. ಮೊದಲ ದಿನವೇ ಹಾಕಿಸಿದರೆ ಒಳ್ಳೇದು. ಆಗದಿದ್ದರೆ ಮೊದಲ ಸೂಜಿ ಬಿದ್ದ 7 ದಿನದ ಒಳಗೆ ಹಾಕಿಸಲೇಬೇಕು, ಆಮೇಲೆ ಕೊಡೋದಿಲ್ಲ. "ನನಗೆ ಸೀರಮ್ ಬೇಕಾ?" ಅಂತ ಡಾಕ್ಟರನ್ನು ನೀವೇ ಕೇಳಿ.

4. ಲಸಿಕೆ ಅರ್ಧಕ್ಕೆ ಬಿಡಬೇಡಿ. ಚರ್ಮದ ಪದರಕ್ಕೆ ಕೊಡೋದಾದರೆ 0, 3, 7, 28ನೇ ದಿನ. ಮಾಂಸಖಂಡಕ್ಕೆ ಕೊಡೋದಾದರೆ 0, 3, 7, 14, 28ನೇ ದಿನ. 0 ಅಂದರೆ ಮೊದಲ ಸೂಜಿ ಹಾಕಿಸಿಕೊಂಡ ದಿನ. ಒಂದು ತಪ್ಪಿದರೆ ಎಲ್ಲಾ ಹಾಳಾಯ್ತು ಅಂತ ಮನೆಯಲ್ಲಿ ಕೂರಬೇಡಿ, ಮಾರನೇ ದಿನವೇ ಹೋಗಿ ಮುಂದುವರಿಸಿ. ಕಚ್ಚಿ ವಾರ, ತಿಂಗಳು ಕಳೆದಿದ್ದರೂ ಹೋಗಿ.

5. "ಹತ್ತು ದಿನ ನಾಯಿ ನೋಡೋಣ" ಅಂತ ಕಾಯಬೇಡಿ. ಮೊದಲು ಲಸಿಕೆ ಶುರು ಮಾಡಿ, ಆಮೇಲೆ ನಾಯಿ ಮೇಲೆ ಕಣ್ಣಿಡಿ. 10 ದಿನವಾದರೂ ಅದು ಆರೋಗ್ಯವಾಗಿದ್ದರೆ ಮುಂದಿನ ಸೂಜಿ ಬೇಕೋ ಬೇಡವೋ ಅಂತ ಡಾಕ್ಟರ್ ಹೇಳ್ತಾರೆ. ನಮ್ಮ ಚಿಕ್ಕವ್ವನಿಗೆ ಕಚ್ಚಿದ ನಾಯಿ ಮಾರನೇ ದಿನವೇ ಆ ಬೀದಿಯಲ್ಲಿ ಕಾಣಲಿಲ್ಲ. ಬೀದಿ ನಾಯಿಯನ್ನ ಹತ್ತು ದಿನ ಯಾರು ಕಾಯ್ತಾರೆ?

ಮಕ್ಕಳಿಗೆ ಇನ್ನೊಂದು ಮಾತು ಹೇಳಿಕೊಡಿ: ನಾಯಿ ಕಚ್ಚಿದ್ರೆ, ಪರಚಿದ್ರೆ ಮನೆಯಲ್ಲಿ ಹೇಳು, ಯಾರೂ ಬೈಯಲ್ಲ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಗಾಯವೇ ಜೀವಕ್ಕೆ ಎರವಾಗೋದು.

ಇಷ್ಟು ಮಾಹಿತಿ ಆಯ್ತು. ಇನ್ನು ನನ್ನ ಮಾತು.

ಈ ಮಾಹಿತಿ ಆಸ್ಪತ್ರೆ ಗೋಡೆ ಮೇಲೂ ಇದೆ. ಹಾಗಾದರೆ ನಮ್ಮವರು ಯಾಕೆ ಪಾಲಿಸಲ್ಲ? "ಅಜ್ಞಾನ, ಮೂಢನಂಬಿಕೆ" ಅಂತ ಸಲೀಸಾಗಿ ಹೇಳಿಬಿಡ್ತಾರೆ. ಚಿಕ್ಕವ್ವನ ಕಥೆಯನ್ನೇ ನೋಡಿ. ಮೊದಲ ಮದ್ದು ನೀರು. ಅದು ಗೇಟಿನ ಒಳಗಿತ್ತು. ಎರಡನೇ ಮದ್ದು ಲಸಿಕೆ. ಅದು ಉಚಿತ, ಆದರೆ ಅದಕ್ಕೆ ಹೋದ ದಿನದ ಕೂಲಿ ಇಲ್ಲ. ಮೂರನೇ ಮದ್ದು ಸೀರಮ್. ಅದಕ್ಕೆ ಎರಡು ಬಸ್ ಹತ್ತಬೇಕು. ಇದರಲ್ಲಿ ಅಜ್ಞಾನ ಎಲ್ಲಿದೆ? ಲೆಕ್ಕ ಇದೆ. ಬಡವರ ಮನೆಯ ತಿಂಗಳ ಲೆಕ್ಕ.

1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಗೆ ನಮ್ಮವರನ್ನು ಕರೆದುಕೊಂಡು ಹೋಗಿ ನೀರು ಮುಟ್ಟಿಸಿದರು. ಆ ಕೆರೆಯಲ್ಲಿ ದನ, ನಾಯಿ ನೀರು ಕುಡಿಯಬಹುದಿತ್ತು, ನಾವು ಮುಟ್ಟುವಂತಿರಲಿಲ್ಲ. ಇವತ್ತು ಅದೇ ಊರ ಕಸ ಎತ್ತೋ ಹೆಂಗಸಿಗೆ ನಾಯಿ ಕಚ್ಚಿದರೆ ಗಾಯ ತೊಳೆಯೋಕೆ 15 ನಿಮಿಷ ನೀರು ಕೊಡೋ ಮನೆ ಎಷ್ಟಿವೆ? ಇದನ್ನು ಓದುತ್ತಿರುವ, ಗೇಟ್ ಒಳಗಿರುವ ಗೆಳೆಯರೇ, ನಿಮ್ಮನ್ನು ಬೈಯೋಕೆ ಹೇಳ್ತಿಲ್ಲ. ಗೇಟ್ ತೆಗೀರಿ, ಪೈಪ್ ಕೊಡಿ, ಸೋಪ್ ಕೊಡಿ. ಅದು ಉಪಕಾರ ಅಲ್ಲ, ಪ್ರಥಮ ಚಿಕಿತ್ಸೆ.

ಬೀದಿ ನಾಯಿ ವಿಷಯ ಬಂದಾಗೆಲ್ಲ ಟಿವಿಯಲ್ಲಿ ಎರಡೇ ಗುಂಪು. ನಾಯಿಗಳನ್ನ ಹಿಡಿದು ಸಾಗಿಸಿ ಅನ್ನೋರು, ಮುಟ್ಟಲೇಬೇಡಿ ಅನ್ನೋರು. ಕತ್ತಲಲ್ಲಿ ನಾಯಿಗಳ ನಡುವೆ ಕಸ ಎತ್ತೋರನ್ನ ಯಾರೂ ಆ ಚರ್ಚೆಗೆ ಕರೆಯಲ್ಲ. ಸತ್ತ ನಾಯಿಯನ್ನ ಕೈಗವಸೂ ಇಲ್ಲದೆ ಎತ್ತೋರು ಕೂಡ ನಮ್ಮವರೇ. ನನಗೆ ನಾಯಿಗಳ ಮೇಲೆ ಸಿಟ್ಟಿಲ್ಲ. ನಮ್ಮ ಕೇರಿಯಲ್ಲಿ ನಮ್ಮ ಜೊತೆ ಹಂಚಿ ತಿಂದು ಬೆಳೆದಿವೆ. ನಾಯಿಗಳಲ್ಲಿ ನೂರಕ್ಕೆ 70ಕ್ಕಾದರೂ ಪ್ರತಿವರ್ಷ ಲಸಿಕೆ ಹಾಕಿದರೆ ರೇಬೀಸ್ ಹರಡೋದು ನಿಲ್ಲುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳ ಸಂತಾನಹರಣ, ಲಸಿಕೆ ಸ್ಥಳೀಯ ಸಂಸ್ಥೆಗಳ ಜವಾಬ್ದಾರಿ. ಆ ಕೆಲಸ ಆಗಲಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಒಂದು, ಪೌರಕಾರ್ಮಿಕರಿಗೆಲ್ಲ ಕಚ್ಚುವ ಮೊದಲೇ ಹಾಕುವ ರೇಬೀಸ್ ಲಸಿಕೆ ಹಾಕಿಸಿ. ಆ ಕೋರ್ಸ್ ಮುಗಿಸಿದವರಿಗೆ ಮುಂದೆ ನಾಯಿ ಕಚ್ಚಿದರೂ ಸೀರಮ್ ಬೇಕಿಲ್ಲ, 0 ಮತ್ತು 3ನೇ ದಿನ ಎರಡು ಸಲ ಲಸಿಕೆ ಸಾಕು. ಎರಡು, ಕೆಲಸದಲ್ಲಿ ನಾಯಿ ಕಚ್ಚಿದರೆ ಸೂಜಿ ಹಾಕಿಸೋ ದಿನಗಳಿಗೆಲ್ಲ ಪೂರ್ತಿ ಹಾಜರಿ ಕೊಡಿ. ಮೂರು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಸೀರಮ್ ಇರಲಿ, ಎಷ್ಟು ಇದೆ ಅಂತ ಬೋರ್ಡಿನಲ್ಲಿ ಬರೆಯಲಿ. 2022ರಲ್ಲಿ ಕರ್ನಾಟಕ ಸರ್ಕಾರ ಮನುಷ್ಯರಿಗೆ ಬರುವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿದೆ. ಒಳ್ಳೆಯದೇ. ಆದರೆ ಸಾವನ್ನು ಎಣಿಸೋದಷ್ಟೇ ಸಾಲದು, ತಡೀಬೇಕು.

ಚಿಕ್ಕವ್ವನನ್ನ ಆವತ್ತೇ ಬೈಕಿನಲ್ಲಿ ಕೂರಿಸಿಕೊಂಡು ಜಿಲ್ಲಾಸ್ಪತ್ರೆಗೆ ಹೋದೆ. ಸೀರಮ್ ಸಿಕ್ಕಿತು. ಏಳನೇ ದಿನದ್ದೂ ಆಯ್ತು, ಇಪ್ಪತ್ತೆಂಟನೇ ದಿನದ್ದು ಮೊನ್ನೆ ಮುಗೀತು. ಚೆನ್ನಾಗಿದ್ದಾಳೆ. ನಾಲ್ಕು ದಿನದ ಹಾಜರಿ ಮಾತ್ರ ಇನ್ನೂ ಬಂದಿಲ್ಲ. ಸೋಮವಾರ ನಾವೊಂದಷ್ಟು ಜನ ಅರ್ಜಿ ಹಿಡಿದು ಕಚೇರಿಗೆ ಹೋಗ್ತಿದ್ದೀವಿ. ನಿಮ್ಮೂರಲ್ಲೂ ಇಂಥವರು ಇದ್ದಾರೆ. ಮೊದಲು ಅವರ ಚೀಟಿ ತೆಗೆಸಿ ನೋಡಿ, ಎಷ್ಟು ಸೂಜಿ ಬಾಕಿ ಇದೆ ಅಂತ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಮೇಲೆ ಅರ್ಜಿ ಬರೆಯೋಣ.

ಜೈ ಭೀಮ್.