ಫಸ್ಟ್ ಗೇರ್ ಅಂದರೆ ಬೈಗುಳವೇ?



ಚುರುಕಾಗಿ ಓದುವವರಿಗೆ ‘ಟಾಪ್ ಗೇರ್’ ಅಂತಾರೆ. ಅಕ್ಷರ ಕೂಡಿಸಿಕೊಂಡು ಓದುವವರನ್ನು ಕೆಲವರು ‘ಫಸ್ಟ್ ಗೇರ್’ ಅಂತ ಆಡಿಕೊಳ್ಳುತ್ತಾರೆ. ಇದನ್ನು ಕೇಳಿ ಕೇಳಿ ನಮ್ಮ ತರಗತಿಯ ಒಬ್ಬಳು ಎದ್ದು ನಿಂತು ಓದುವುದನ್ನೇ ಬಿಟ್ಟಿದ್ದಾಳೆ. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಗೇರಿನ ಕೆಲಸ ಏನೆಂದು ಮೊದಲು ತಿಳಿಯೋಣ. ಫಸ್ಟ್ ಗೇರಿನಲ್ಲಿ ಇಂಜಿನ್ ಬಹಳ ಸುತ್ತು ತಿರುಗಿದರೆ ಚಕ್ರ ಸ್ವಲ್ಪವೇ ತಿರುಗುತ್ತದೆ. ಆದ್ದರಿಂದ ವೇಗ ಕಡಿಮೆ, ಎಳೆಯುವ ಬಲ ಹೆಚ್ಚು. ಟಾಪ್ ಗೇರಿನಲ್ಲಿ ವೇಗ ಹೆಚ್ಚು, ಎಳೆಯುವ ಬಲ ಕಡಿಮೆ. ಸ್ಪ್ಲೆಂಡರ್ ಬೈಕಿಗೆ 4 ಗೇರು. ನಿಂತ ಬೈಕನ್ನು 4ನೇ ಗೇರಿನಲ್ಲಿ ಎತ್ತಿದರೆ ಗಡಗಡ ನಡುಗಿ ಆಫ್ ಆಗುತ್ತೆ. ಶೇಂಗಾ ಮೂಟೆ ಹೇರಿದ ಟ್ರಾಕ್ಟರ್ ಹೊಲದಿಂದ ರಸ್ತೆಗೆ ಹತ್ತುವುದೂ ಲೋ ಗೇರಿನಲ್ಲೇ. ಅದನ್ನು ನೋಡಿ ಯಾರೂ ನಗುವುದಿಲ್ಲ.

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಅವಳ ಮನೆಯಲ್ಲೂ ಅದೇ. ಅವಳಿಗೆ ಕನ್ನಡದ ಒತ್ತಕ್ಷರ ಒಂದು ಏರು ಇದ್ದಂತೆ. ಏರಿನಲ್ಲಿ ಫಸ್ಟ್ ಗೇರ್ ಹಾಕುವುದು ದಡ್ಡತನವಲ್ಲ, ಅದೇ ಸರಿಯಾದ ಗೇರು.

“ಆಡಿಕೊಂಡರೆ ರೋಷ ಬಂದು ಓದ್ತಾರೆ” ಅಂತ ಕೆಲವರ ವಾದ. ಏರು ಹತ್ತುವ ಗಾಡಿಗೆ ಕಲ್ಲು ಅಡ್ಡ ಇಟ್ಟರೆ ಅದು ಬೇಗ ಹೋಗುತ್ತದೆಯೇ?

ಇನ್ನು ಕೆಲವರು ನಗುವುದೂ ಇಲ್ಲ, ನಗಬೇಡಿ ಅನ್ನುವುದೂ ಇಲ್ಲ. ಅವರು ನ್ಯೂಟ್ರಲ್. ಇಂಜಿನ್ ಸದ್ದು ಮಾಡುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ.

ಅವಳು ಮತ್ತೆ ಓದಲು ನಿಂತರೆ ಪಕ್ಕದವರು ಒತ್ತಕ್ಷರ ಹೇಳಿಕೊಡಲಿ. ಉಳಿದವರು ಸಾಲು ಮುಗಿಯುವ ತನಕ ಕಾಯಲಿ.

– 7ನೇ ತರಗತಿ ವಿದ್ಯಾರ್ಥಿನಿ, ಉಳ್ಳಾರ್ತಿ ಕಾವಲ್