ಈ ಸ್ವತ್ತು ಮಾರಾಟಕ್ಕಿಲ್ಲ, ಸರಿ. ಬಾಡಿಗೆಗೂ ಇಲ್ವಾ?

1/7
ಗಾಂಧಿ ಬಜಾರಿನ ಹಿಂದಿನ ರಸ್ತೆಗಳಲ್ಲಿ, ಮಲ್ಲೇಶ್ವರದ ಕ್ರಾಸುಗಳಲ್ಲಿ, ಚಾಮರಾಜಪೇಟೆಯ ಮೇನ್‌ಗಳಲ್ಲಿ ಒಂದು ಸಂಜೆ ನಡೆದು ನೋಡಿ. ಗೇಟಿಗೆ ಸರಪಳಿ, ಸರಪಳಿಗೆ ತುಕ್ಕು ಹಿಡಿದ ಬೀಗ, ಕಾಂಪೌಂಡ್ ಗೋಡೆ ಮೇಲೆ ಪೇಂಟಲ್ಲಿ ಬರೆದ ಸಾಲು: "ಈ ಸ್ವತ್ತು ಮಾರಾಟಕ್ಕಿಲ್ಲ. ಮೋಸಗಾರರಿದ್ದಾರೆ, ಎಚ್ಚರಿಕೆ." ಒಳಗೆ ಹೆಂಚು ಜಾರಿದೆ, ಅಂಗಳದ ತುಂಬಾ ಕಳೆ. ಓನರ್ ಅಮೆರಿಕದಲ್ಲಿ, ಇಲ್ಲಾ ವೈಟ್‌ಫೀಲ್ಡ್ ಫ್ಲ್ಯಾಟಲ್ಲಿ.

ಓನರ್ ಅಂಕಲ್, ಓನರ್ ಆಂಟಿ, ಈ ಸರಣಿ ನಿಮಗೆ. ನಿಮ್ಮ ಭಯ ಸುಳ್ಳು ಅಂತ ನಾನು ಹೇಳಲ್ಲ. ಖಾಲಿ ಮನೆ ಬೀಗ ಒಡೆದು ಸೇರಿಕೊಳ್ಳೋರು ಇದ್ದಾರೆ, ನಕಲಿ ಜಿಪಿಎ ಮಾಡಿಸಿ ಮಾರೋರೂ ಇದ್ದಾರೆ. ಆದ್ರೆ ಭಯ ಪಡಬೇಕಾದವರನ್ನ ಬಿಟ್ಟು ಬೇರೆಯವರಿಗೆ ಹೆದರ್ತಾ ಇದ್ದೀರಿ. ಬಾಡಿಗೆದಾರನಿಗೆ ಹೆದರಿ ಮನೆಗೆ ಬೀಗ ಹಾಕಿದ್ದೀರಿ. ಆ ಬೀಗವೇ ನುಗ್ಗೋನಿಗೆ ದಾರಿ ತೋರಿಸ್ತಿದೆ.

2/7
ಪ್ರತಿ ಮನೆಯಲ್ಲೂ ಒಬ್ಬ ದೊಡ್ಡಪ್ಪ ಹೇಳೋ ಮಾತು: "ಬಾಡಿಗೆಗೆ ಕೊಟ್ಟು 12 ವರ್ಷ ಆಯ್ತು ಅಂದ್ರೆ ಮನೆ ಅವರದೇ ಆಗೋಗತ್ತೆ."

ಆಗಲ್ಲ. 12 ವರ್ಷದ ಲೆಕ್ಕ ಬಂದಿದ್ದು 1963ರ ಲಿಮಿಟೇಷನ್ ಆಕ್ಟ್‌ನಿಂದ. ಅಲ್ಲಿರೋ ಪ್ರತಿಕೂಲ ಸ್ವಾಧೀನಕ್ಕೆ ಬರೀ ವರ್ಷ ಎಣಿಸಿದ್ರೆ ಸಾಲದು. ನಿಮ್ಮ ಹಕ್ಕಿಗೆ ವಿರುದ್ಧವಾಗಿ, ಎಲ್ಲರಿಗೂ ಕಾಣೋ ಹಾಗೆ, ನಡುವೆ ಬಿಡದೆ ಸ್ವಾಧೀನದಲ್ಲಿರಬೇಕು. ಬಾಡಿಗೆದಾರ ಒಳಗೆ ಬಂದಿದ್ದೇ ನಿಮ್ಮ ಒಪ್ಪಿಗೆಯಿಂದ. ಬಾಡಿಗೆ ಕೊಟ್ಟಾಗಲೆಲ್ಲ ಅವನು "ಮನೆ ನಿಮ್ಮದು" ಅಂತಲೇ ಒಪ್ಪಿಕೊಂಡಂಗೆ. ಮನೆ ಸೇರಿದಾಗ ನೀವು ಓನರ್ ಆಗಿರಲಿಲ್ಲ ಅಂತ ಬಾಡಿಗೆಗೆ ಇರೋವಾಗ ಅವನು ವಾದ ಮಾಡೋ ಹಾಗೇ ಇಲ್ಲ. ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 116 ಇದನ್ನೇ ಹೇಳ್ತಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 122 ಕೂಡ ಅದನ್ನೇ ಹೇಳತ್ತೆ.

ಔಟ್‌ಹೌಸಲ್ಲಿ ವಾಚ್‌ಮನ್ ಸಂಸಾರ ಇಡೋಕೂ ಹೆದರ್ತೀರಿ. ಕೇರ್‌ಟೇಕರ್, ವಾಚ್‌ಮನ್, ಕೆಲಸದವರು ಎಷ್ಟು ವರ್ಷ ಇದ್ರೂ ಬರೀ ಆ ಕಾರಣಕ್ಕೆ ಸ್ವತ್ತಿನ ಮೇಲೆ ಹಕ್ಕು ಬರಲ್ಲ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

ದೊಡ್ಡಪ್ಪನ ಮಾತಲ್ಲಿ ಒಂದು ಎಳೆ ನಿಜ ಇದೆ. ಬಾಡಿಗೆ ಕರಾರು ಮುಗಿಸಿ, ನೋಟಿಸ್ ಕೊಟ್ಟು, ಆಮೇಲೆ 12 ವರ್ಷ ಕೋರ್ಟಿಗೆ ಹೋಗದೆ ಕೂತ್ರೆ ನಿಮ್ಮ ಕೇಸು ಬಿದ್ದುಹೋಗಬಹುದು. ಅದು ಬಾಡಿಗೆಗೆ ಕೊಟ್ಟಿದ್ದರ ತಪ್ಪಲ್ಲ, ನಿದ್ದೆ ಹೊಡೆದಿದ್ದರ ತಪ್ಪು.

3/7
ಹಾಗಾದ್ರೆ 11 ತಿಂಗಳ ಅಗ್ರಿಮೆಂಟ್ ಯಾಕೆ? "ಬಾಡಿಗೆದಾರ ಹಕ್ಕು ಕೇಳಬಾರದು ಅಂತ" ಅಂತ ಬಹಳ ಜನ ನಂಬಿದ್ದಾರೆ. ಅಸಲಿ ಕಾರಣ ಇಷ್ಟೇ: ಒಂದು ವರ್ಷ ಮೀರಿದ ಲೀಸ್ ಆದ್ರೆ ರಿಜಿಸ್ಟ್ರೇಷನ್ ಕಡ್ಡಾಯ. 11 ತಿಂಗಳು ಅಂತ ಬರೆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋ ಓಡಾಟ, ಖರ್ಚು ಎರಡೂ ಉಳಿಯತ್ತೆ. ಬಿಕಾಂ ಬಿಸಿನೆಸ್ ಲಾ ಪೇಪರಿನಷ್ಟು ಓದಿದ್ರೂ ತಿಳಿಯೋ ವಿಷಯ. ಇದನ್ನ ತಾಯತ ಮಾಡ್ಕೊಂಡು ಮೂರು ತಲೆಮಾರು ಕಳೆದಿದ್ದೀವಿ.

4/7
12 ವರ್ಷದ ಗಡಿಯಾರ ನಿಜವಾಗಿ ಯಾರ ಪರ ಓಡತ್ತೆ? ನಿಮ್ಮ ಒಪ್ಪಿಗೆ ಇಲ್ಲದೆ ಖಾಲಿ ಮನೆ ಹೊಕ್ಕು, ರಾಜಾರೋಷವಾಗಿ "ಇದು ನನ್ನದು" ಅಂತ ಕೂತವನ ಪರ. ನೀವು 12 ವರ್ಷ ಕೇಸು ಹಾಕದಿದ್ರೆ ನಿಮ್ಮ ಹಕ್ಕೇ ಅಳಿದುಹೋಗತ್ತೆ ಅಂತ ಅದೇ ಕಾಯ್ದೆಯ ಸೆಕ್ಷನ್ 27 ಹೇಳತ್ತೆ. ಅವನು ಇದನ್ನ ಬರೀ ತನ್ನ ರಕ್ಷಣೆಗಲ್ಲ, ತಾನೇ ದಾವೆ ಹೂಡೋಕೂ ಬಳಸಬಹುದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಕಾನೂನು ಆಯೋಗ ತನ್ನ 280ನೇ ವರದಿಯಲ್ಲಿ ಈ ಕಾನೂನು ಬದಲಿಸೋ ಅಗತ್ಯ ಇಲ್ಲ ಅಂದಿತು.

ಇನ್ನೂ ಒಂದು. ಸರ್ಕಾರಿ ಜಾಗ ಆದ್ರೆ ಕಾಲಮಿತಿ 30 ವರ್ಷ. ಕರ್ನಾಟಕದ 2011ರ ಭೂಕಬಳಿಕೆ ನಿಷೇಧ ಕಾಯ್ದೆ, ಅದರ ವಿಶೇಷ ನ್ಯಾಯಾಲಯ, ಎಲ್ಲ ಇರೋದು ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್, ದೇವಸ್ಥಾನದ ಜಮೀನಿಗೆ. ನಿಮ್ಮ ತಾತನ ಮನೆ ಆ ಪಟ್ಟಿಯಲ್ಲಿಲ್ಲ. ನಿಮ್ಮ ಪರವಾಗಿ ಸರ್ಕಾರ ಕಾವಲು ಕಾಯಲ್ಲ.

ಬಾಡಿಗೆದಾರ ಇರೋ ಮನೆಯಲ್ಲಿ ಹೊಸಬ ನುಗ್ಗಿದ್ರೆ ಅರ್ಧ ಗಂಟೆಯಲ್ಲಿ ನಿಮಗೆ ಫೋನ್ ಬರತ್ತೆ. ಬೀಗ ಹಾಕಿದ ಮನೆ ಆದ್ರೆ? ಮುಂದಿನ ಸಲ ಊರಿಗೆ ಬಂದಾಗ ನಿಮ್ಮ ಅಂಗಳದಲ್ಲಿ ಬೇರೆಯವರ ಬಟ್ಟೆ ಒಣಗ್ತಿರತ್ತೆ.

5/7
ಈಗಾಗಲೇ ಯಾರೋ ಸೇರಿಕೊಂಡಿದ್ರೆ?

ಹುಡುಗರನ್ನ ಕರ್ಕೊಂಡು ಹೋಗಿ ಸಾಮಾನು ಹೊರಗೆ ಎಸೆಯೋದು, ಕರೆಂಟ್ ಕೀಳಿಸೋದು ಬೇಡ. ಒಬ್ಬ ಗಟ್ಟಿಯಾಗಿ ನೆಲೆಯೂರಿದ ಮೇಲೆ ಓನರ್ ಆದ್ರೂ ಕಾನೂನಿನ ದಾರಿಯಲ್ಲೇ ಬಿಡಿಸಬೇಕು, ತೋಳ್ಬಲದಿಂದಲ್ಲ. ಇಲ್ಲಾಂದ್ರೆ ನಿಮ್ಮ ಮೇಲೇ ಕೇಸಾಗತ್ತೆ.

ಗೊತ್ತಾದ ದಿನವೇ ಲಿಖಿತ ದೂರು ಕೊಡಿ. ಮನೆಗೆ ಅತಿಕ್ರಮ ಪ್ರವೇಶ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 329ರಲ್ಲಿ ಅಪರಾಧ. "ಇದು ಸಿವಿಲ್ ಮ್ಯಾಟರ್, ಹೋಗಿ" ಅಂತ ಹೇಳಿದ್ರೂ ದೂರಿನ ಸ್ವೀಕೃತಿ ಇಸ್ಕೊಂಡೇ ಬನ್ನಿ. ಜೊತೆಗೆ 6 ತಿಂಗಳು ಅನ್ನೋ ಸಂಖ್ಯೆ ನೆನಪಿಡಿ. ನಿಮ್ಮನ್ನ ಸ್ವಾಧೀನದಿಂದ ತಪ್ಪಿಸಿದ 6 ತಿಂಗಳೊಳಗೆ ಸ್ಪೆಸಿಫಿಕ್ ರಿಲೀಫ್ ಆಕ್ಟ್ ಸೆಕ್ಷನ್ 6ರಲ್ಲಿ ದಾವೆ ಹಾಕಿದ್ರೆ ಮಾಲೀಕತ್ವದ ಇಡೀ ಪುರಾಣ ಬಿಚ್ಚಬೇಕಿಲ್ಲ. ಸ್ವಾಧೀನ ನಿಮ್ಮದಿತ್ತು, ಒಪ್ಪಿಗೆ ಇಲ್ಲದೆ ಕಿತ್ಕೊಂಡ್ರು ಅಂತ ತೋರಿಸಿದ್ರೆ ಸಾಕು. ಎರಡು ವರ್ಷಕ್ಕೊಮ್ಮೆ ಊರಿಗೆ ಬರೋರಿಗೆ ಆ 6 ತಿಂಗಳು ಗೊತ್ತಾಗೋ ಮೊದಲೇ ಮುಗಿದಿರತ್ತೆ.

6/7
"ನಿಂಗೇನಮ್ಮ ಗೊತ್ತು, ಬಾಡಿಗೆದಾರ ಬಿಡಲ್ಲ ಅಂತ ಕೂತ್ರೆ ಕೋರ್ಟಲ್ಲಿ ವರ್ಷಗಟ್ಟಲೆ ಅಲೀಬೇಕು" ಅಂತೀರಿ. ನಿಜ, ಅಲೀಬೇಕಾಗಬಹುದು. ಆದ್ರೆ ಅಲ್ಲಿ ಜಗಳ ಯಾವಾಗ ಬಿಡೋದು ಅನ್ನೋದರ ಮೇಲೆ. ಅಗ್ರಿಮೆಂಟ್, ಬ್ಯಾಂಕಿಗೆ ಬಂದ ಬಾಡಿಗೆ, ಎಲ್ಲ ನಿಮ್ಮ ಕೈಯಲ್ಲಿದೆ. ನುಗ್ಗಿದವನ ಜೊತೆ ಜಗಳ ಮನೆ ಯಾರದು ಅನ್ನೋದರ ಮೇಲೆ. ಎರಡೂ ಒಂದೇ ಅಂತ ಯಾಕೆ ಅಂದ್ಕೊಂಡಿದ್ದೀರಿ?

"ಅಣ್ಣತಮ್ಮಂದಿರ ಕೇಸಿದೆ" ಅಂದ್ರೆ, ತಡೆಯಾಜ್ಞೆ ಇದ್ರೆ ಕೋರ್ಟನ್ನೇ ಕೇಳಿ. ಸ್ವತ್ತು ನೋಡ್ಕೊಳ್ಳೋಕೆ ರಿಸೀವರ್ ನೇಮಿಸೋ ಅಧಿಕಾರ ಕೋರ್ಟಿಗಿದೆ. ಪಾಲು ಆಗೋವರೆಗೆ ಮಾಡು ಕುಸೀಲಿ ಅಂತ ಯಾವ ಕಾಯ್ದೆಯಲ್ಲೂ ಬರೆದಿಲ್ಲ.

ಇನ್ನು ಸ್ವಲ್ಪ ಖಾರವಾಗಿ. ಬಾಡಿಗೆಗೆ ಕೊಡೋ ಓನರ್‌ಗಳೂ ಮೊದಲು ಏನು ಕೇಳ್ತಾರೆ? ವೆಜ್ಜಾ? ಫ್ಯಾಮಿಲೀನಾ? ಯಾವ ಜನ? ಹತ್ತು ತಿಂಗಳ ಅಡ್ವಾನ್ಸ್ ಇದ್ಯಾ? ಕೆಲಸ ಎಲ್ಲಿ, ಹಿಂದಿನ ಓನರ್ ನಂಬರ್ ಯಾವುದು, ಐಡಿ ಎಲ್ಲಿ ಅನ್ನೋದು ಆಮೇಲೆ. ಜಾತಿ ನೋಡಿ ಕೊಟ್ಟು, ಪೇಪರ್ ನೋಡದೆ ಕೊಟ್ಟು, ಮೋಸ ಹೋದ ಮೇಲೆ "ಬಾಡಿಗೆದಾರರೇ ಹೀಗೆ" ಅನ್ನೋದು ಯಾವ ನ್ಯಾಯ? ನಾವು ನಾಲ್ಕು ಹುಡುಗೀರು ಪಿಜಿಯ ಒಂದು ರೂಮಲ್ಲಿ ಇದ್ದೀವಿ. ಕಿಟಕಿ ತೆಗೆದ್ರೆ ಎದುರಿಗೆ ಬೀಗ ಹಾಕಿದ ಇಡೀ ಮನೆ.

7/7
ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರ ಪ್ಲೇಗ್ ಬಂದ ಮೇಲೆ, ಪೇಟೆಯ ಇಕ್ಕಟ್ಟು ಬಿಟ್ಟು ಗಾಳಿ ಬೆಳಕಲ್ಲಿ ಜನ ಬದುಕಲಿ ಅಂತ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಜನ ಇರಲಿ ಅಂತ ಕಟ್ಟಿದ ಬಡಾವಣೆಗಳು ಇವು. ಇವತ್ತು ಅಲ್ಲೇ ಮನೆ ಖಾಲಿ, ಜನ ಇಕ್ಕಟ್ಟಲ್ಲಿ.

ಲೆಕ್ಕದ ಪ್ರಕಾರವೂ ಬೀಗ ನಷ್ಟವೇ. ಎರಡು ಮನೆವರೆಗೆ ಸ್ವಂತ ವಾಸ ಅಂತ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗತ್ತೆ. ಮೂರನೇದು ಖಾಲಿ ಬಿದ್ದಿದ್ರೂ ಬಾಡಿಗೆ ಬಂದಂಗೆ ಲೆಕ್ಕ ಹಾಕಿ ತೆರಿಗೆ ಕಟ್ಟಬೇಕು. ಬರದೇ ಇರೋ ಬಾಡಿಗೆಗೆ ತೆರಿಗೆ!

ಈ ವಾರ ಮೂರು ಕೆಲಸ ಮಾಡಿ. ಕಾವೇರಿ ಪೋರ್ಟಲಲ್ಲಿ ಇಸಿ ತೆಗೆಸಿ ನೋಡಿ, ನಿಮಗೆ ಗೊತ್ತಿಲ್ಲದ ವ್ಯವಹಾರ ಇದ್ಯಾ ಅಂತ. ಖಾತಾ, ಆಸ್ತಿ ತೆರಿಗೆ ಇನ್ನೂ ತೀರಿಕೊಂಡ ತಾತನ ಹೆಸರಲ್ಲಿದ್ರೆ ಸರಿ ಮಾಡಿಸಿ. ಮೂರನೇದು ಮುಖ್ಯ: ಆ ಮನೆಯಲ್ಲಿ ಯಾರಾದ್ರೂ ಸಂಜೆ ದೀಪ ಹಚ್ಚೋ ಹಾಗೆ ಮಾಡಿ. ಬಾಡಿಗೆದಾರರೋ, ಕೇರ್‌ಟೇಕರೋ, ಓದೋ ಮಕ್ಕಳೋ, ಯಾರಾದ್ರೂ ಸರಿ. ಕರಾರು ಪತ್ರ ಮಾಡಿಸಿ, ಬಾಡಿಗೆ ಬ್ಯಾಂಕಿಗೆ ಹಾಕಿಸ್ಕೊಳ್ಳಿ.

ಗೋಡೆ ಮೇಲಿನ ಪೇಂಟ್ ಓದಿ ಯಾವ ಕಳ್ಳನೂ ವಾಪಸ್ ಹೋಗಲ್ಲ. ಒಳಗಿಂದ "ಯಾರ್ರೀ ಅದು?" ಅನ್ನೋ ದನಿ ಕೇಳಿದ್ರೆ ಹೋಗ್ತಾನೆ.

ಸೇವ್ ಮಾಡ್ಕೊಳ್ಳಿ. ನಿಮ್ಮ ಫ್ಯಾಮಿಲಿ ಗ್ರೂಪಿನ ಆ ದೊಡ್ಡಪ್ಪಂಗೆ ಖಂಡಿತ ಕಳಿಸಿ.

#ಬಸವನಗುಡಿ #ಮಲ್ಲೇಶ್ವರ #ಚಾಮರಾಜಪೇಟೆ #ಖಾಲಿಮನೆ #ಬಾಡಿಗೆಮನೆ